ಮಚ್ಚೆ ತೆಗೆಸಲು ತಕ್ಕ ವೈದ್ಯರು

ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಿಸುವ ಜೀವಕೋಶಗಳು ಒಂದೆಡೆ ಗುಂಪುಗೂಡಿದಾಗ ಮೂಡುವ ಕಪ್ಪು ಅಥವಾ ಕಂದು ಗುರುತೇ ಮಚ್ಚೆ. ವೈದ್ಯರ ಮಾತಿನಲ್ಲಿ ನೀವಸ್. ಬಹುಪಾಲು ಮಚ್ಚೆಗಳಿಂದ ಜೀವಮಾನವಿಡೀ ಯಾವ ತೊಂದರೆಯೂ ಇಲ್ಲ. ಗಡ್ಡ ಬೋಳಿಸುವಾಗ ಕೊಯ್ದುಕೊಳ್ಳುತ್ತದೆ, ರವಿಕೆಯ ಅಂಚಿಗೆ ಉಜ್ಜುತ್ತದೆ, ಮುಖದಲ್ಲಿ ಎದ್ದು ಕಾಣುತ್ತದೆ ಎಂಬ ಕಾರಣಗಳಿಗೆ ಜನ ಅದನ್ನು ತೆಗೆಸಲು ಬರುತ್ತಾರೆ. ಕೆಲವರ ಮಚ್ಚೆಯನ್ನು ಮಾತ್ರ ಕ್ಯಾನ್ಸರ್ ಶಂಕೆಯಿಂದ ತೆಗೆಯಬೇಕಾಗುತ್ತದೆ. ಈ ಎರಡರಲ್ಲಿ ತನ್ನದು ಯಾವುದು ಎಂದು ರೋಗಿ ತಾನೇ ತೀರ್ಮಾನಿಸಲಾರ. ಆದ್ದರಿಂದ ‘ಯಾರು ಚೆನ್ನಾಗಿ ತೆಗೆಯುತ್ತಾರೆ’ ಎಂದು ವಿಚಾರಿಸುವುದಕ್ಕಿಂತ ಮೊದಲು ‘ಇದು ಏನೆಂದು ಯಾರು ಹೇಳಬಲ್ಲರು’ ಎಂದು ಕೇಳಬೇಕು. ಹೇಳಬಲ್ಲವರು ಚರ್ಮರೋಗ ತಜ್ಞರು.

ಆಡುಮಾತಿನಲ್ಲಿ ಮೈಮೇಲಿನ ಕಪ್ಪೆಲ್ಲ ಮಚ್ಚೆಯೇ. ನಡುವಯಸ್ಸಿನವರ ಕೆನ್ನೆಯ ಮೇಲೆ, ಕಣ್ಣಿನ ಸುತ್ತ ಸಾಸಿವೆ ಚೆಲ್ಲಿದಂತೆ ಏಳುವ ಕಾಳುಗಳು ಮಚ್ಚೆಗಳಲ್ಲ, ಚರ್ಮದ ಮೇಲ್ಪದರದ ಬೆಳವಣಿಗೆ. ನರಹುಲಿ ವೈರಸ್ಸಿನಿಂದ ಬರುತ್ತದೆ. ಕತ್ತಿನಲ್ಲಿ ಜೋಲುವ ಗಂಟು ಮತ್ತೊಂದು ಬಗೆ. ವಯಸ್ಸಾದವರ ಮೂಗಿನ ಪಕ್ಕ ಮಣಿಯಂತೆ ಹೊಳೆಯುತ್ತ, ಹುಣ್ಣಾಗಿ, ಒಣಗಿ, ಮತ್ತೆ ಹುಣ್ಣಾಗುವ ಕಪ್ಪು ಗುಳ್ಳೆ ಬೇಸಲ್ ಸೆಲ್ ಕಾರ್ಸಿನೋಮ ಎಂಬ ಕ್ಯಾನ್ಸರ್ ಇರಬಹುದು. ನಮ್ಮ ಬಣ್ಣದ ಚರ್ಮದಲ್ಲಿ ಅದು ಕಪ್ಪಾಗಿಯೇ ಬರುವುದು ಹೆಚ್ಚಾದ್ದರಿಂದ ಮಚ್ಚೆಯೆಂದು ಮೋಸಹೋಗುವುದು ಸುಲಭ. ಇವುಗಳನ್ನು ಬೇರ್ಪಡಿಸಲು ತಜ್ಞರು ಡರ್ಮೋಸ್ಕೋಪನ್ನು ಬಳಸುತ್ತಾರೆ. ಅಂಗೈಯಲ್ಲಿ ಹಿಡಿಯುವ, ದೀಪವಿರುವ, ಸಾಮಾನ್ಯವಾಗಿ 10 ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಅದು. ಬರಿಗಣ್ಣಿಗೆ ಬರೀ ಕಪ್ಪು ಚುಕ್ಕೆಯಾಗಿದ್ದುದು ಅದರಡಿಯಲ್ಲಿ ಬಲೆ, ಗೋಲಿ, ಗೆರೆಗಳಾಗಿ ಬಿಚ್ಚಿಕೊಳ್ಳುತ್ತದೆ.

ಶಂಕೆಯ ಲಕ್ಷಣಗಳನ್ನು ನೆನಪಿಡಲು ನ್ಯೂಯಾರ್ಕ್ ವಿಶ್ವವಿದ್ಯಾಲಯದ ವೈದ್ಯರು 1985ರಲ್ಲಿ ‘ಎಬಿಸಿಡಿ’ ಎಂಬ ಸೂತ್ರ ಕೊಟ್ಟರು: ಎರಡು ಅರ್ಧಗಳು ಹೊಂದದಿರುವುದು, ಅಂಚು ಹರಿದಂತಿರುವುದು, ಒಂದೇ ಮಚ್ಚೆಯಲ್ಲಿ ಹಲವು ಬಣ್ಣಗಳಿರುವುದು, ಅಡ್ಡಳತೆ 6 ಮಿ.ಮೀ. ಮೀರುವುದು. 2004ರಲ್ಲಿ ಇದಕ್ಕೆ ‘ಇ’ ಸೇರಿತು, ಅಂದರೆ ದಿನಗಳೆದಂತೆ ಬದಲಾಗುವುದು. ಈ ಸೂತ್ರ ಬಿಳಿಚರ್ಮದವರನ್ನು ನೋಡಿ ರೂಪುಗೊಂಡದ್ದು. ಈ ಲಕ್ಷಣಗಳು ಸೂಚಿಸುವ ಮೆಲನೋಮ ಎಂಬ ಕ್ಯಾನ್ಸರ್ ಕಪ್ಪು, ಕಂದು ಚರ್ಮದವರಲ್ಲಿ ವಿರಳ. ಬಂದಾಗ ಅಂಗಾಲು, ಅಂಗೈ, ಉಗುರಿನ ಅಡಿಯಲ್ಲಿ ಬರುವ ಪಾಲು ಹೆಚ್ಚು. ಜಮೈಕಾದ ಗಾಯಕ ಬಾಬ್ ಮಾರ್ಲಿಗೆ 1977ರಲ್ಲಿ ಪತ್ತೆಯಾದದ್ದು ಕಾಲಿನ ಹೆಬ್ಬೆರಳಿನ ಮೆಲನೋಮ. 1981ರಲ್ಲಿ, 36ನೆಯ ವಯಸ್ಸಿಗೇ ಅವರು ತೀರಿಕೊಂಡರು. ಗದ್ದೆಯಲ್ಲಿ ಬರಿಗಾಲಲ್ಲಿ ಓಡಾಡುವವರು ಅಂಗಾಲಿನ ಕಪ್ಪನ್ನು ಮುಳ್ಳು ಚುಚ್ಚಿದ ಗುರುತೆಂದು ವರ್ಷಗಟ್ಟಲೆ ಬಿಟ್ಟುಬಿಡುವುದುಂಟು. ಹರಡುತ್ತಿರುವ ಅಂಥ ಕಪ್ಪನ್ನು, ಉಗುರಿನಲ್ಲಿ ಹೊಸದಾಗಿ ಮೂಡಿ ಅಗಲವಾಗುತ್ತಿರುವ ಒಂಟಿ ಪಟ್ಟೆಯನ್ನು ತಡಮಾಡದೆ ತೋರಿಸಬೇಕು.

ಭಾರತದಲ್ಲಿ ಚರ್ಮರೋಗ ತಜ್ಞರೆಂದರೆ ಎಂ.ಬಿ.ಬಿ.ಎಸ್. ನಂತರ ಎಂ.ಡಿ., ಡಿ.ಎನ್.ಬಿ. ಅಥವಾ ಡಿಪ್ಲೊಮಾ ಪಡೆದವರು. ಪದವಿಯ ಹೆಸರಿನಲ್ಲಿ ಸಾಮಾನ್ಯವಾಗಿ ಡಿ.ವಿ.ಎಲ್. ಎಂಬ ಅಕ್ಷರಗಳಿರುತ್ತವೆ: ಚರ್ಮ, ಲೈಂಗಿಕ ರೋಗ ಮತ್ತು ಕುಷ್ಠ, ಈ ಮೂರೂ ಒಂದೇ ಶಾಸ್ತ್ರದಡಿ ಬರುತ್ತವೆ. ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ವಿಭಾಗದ ಬಾಗಿಲ ಮೇಲೂ ಈ ಮೂರು ಹೆಸರು ಬರೆದಿರುವುದರಿಂದ, ಒಂದು ಮಚ್ಚೆಗಾಗಿ ಅಲ್ಲಿ ಸಾಲಿನಲ್ಲಿ ನಿಲ್ಲಲು ಜನ ಹಿಂಜರಿಯುತ್ತಾರೆ. ಹಿಂಜರಿಯಬೇಕಾದ್ದೇನೂ ಇಲ್ಲ, ಕಡಿಮೆ ಖರ್ಚಿನಲ್ಲಿ ಸರಿಯಾದ ಸಲಹೆ ಸಿಗುವುದು ಅಲ್ಲೇ. ‘ಕಾಸ್ಮೆಟಾಲಜಿಸ್ಟ್’ ಎಂಬ ಫಲಕ ಮಾತ್ರ ಇಂಥ ಸ್ನಾತಕೋತ್ತರ ಪದವಿಯ ಗುರುತಲ್ಲ. ಸಂದೇಹವಿದ್ದರೆ ವೈದ್ಯರ ನೋಂದಣಿ ಸಂಖ್ಯೆ ಕೇಳಿ, ಕರ್ನಾಟಕ ವೈದ್ಯಕೀಯ ಪರಿಷತ್ತಿನ ದಾಖಲೆಯೊಂದಿಗೆ ತಾಳೆ ನೋಡಬಹುದು.

ಸಣ್ಣ, ನಿರಪಾಯಕಾರಿ ಮಚ್ಚೆಯನ್ನು ಚರ್ಮತಜ್ಞರೇ ಸ್ಥಳೀಯ ಅರಿವಳಿಕೆ ಕೊಟ್ಟು ಅರ್ಧ ಗಂಟೆಯೊಳಗೆ ತೆಗೆಯುತ್ತಾರೆ. ಉಬ್ಬಿದ್ದನ್ನು ಬ್ಲೇಡಿನಿಂದ ಚರ್ಮದ ಮಟ್ಟಕ್ಕೆ ಹೆರೆಯುವುದು ಒಂದು ಕ್ರಮ. ಬೇರುಸಹಿತ ದೋಣಿಯಾಕಾರದಲ್ಲಿ ಕೊಯ್ದು ಹೊಲಿಯುವುದು ಇನ್ನೊಂದು. ಮುಖದ ಹೊಲಿಗೆಯನ್ನು 5–7 ದಿನಕ್ಕೆ, ಬೆನ್ನಿನದನ್ನು 10–14 ದಿನಕ್ಕೆ ಬಿಚ್ಚುತ್ತಾರೆ. ಹೆರೆದ ಮಚ್ಚೆಯ ಬಣ್ಣ ಮರಳುವುದುಂಟು. ಎದೆ, ಭುಜಗಳಲ್ಲಿ ಗಾಯ ಮಾಯುವಾಗ ಕೀಲಾಯ್ಡ್ ಎಂಬ ದಪ್ಪ ಗಡ್ಡೆ ಏಳಬಹುದು. ಮನೆಯಲ್ಲಿ ಯಾರಿಗಾದರೂ ಹಾಗಾಗಿದ್ದರೆ ಮೊದಲೇ ಹೇಳಬೇಕು. ತೆಗೆಸಿದ ಗುರುತು ಮಚ್ಚೆಗಿಂತ ದೊಡ್ಡದಾದೀತು.

ಜಾಗ ಸೂಕ್ಷ್ಮವಾದಾಗ ವೈದ್ಯರೂ ಬದಲಾಗುತ್ತಾರೆ. ರೆಪ್ಪೆಯ ಅಂಚಿನದಕ್ಕೆ ರೆಪ್ಪೆಯ ಶಸ್ತ್ರಚಿಕಿತ್ಸೆಯಲ್ಲಿ ಪಳಗಿದ ನೇತ್ರತಜ್ಞರು ಬೇಕು. ಅಲ್ಲಿ ಕೊಯ್ತ ತಪ್ಪಿದರೆ ರೆಪ್ಪೆ ಸರಿಯಾಗಿ ಮುಚ್ಚದೆ ಕಣ್ಣು ಒಣಗುತ್ತದೆ. ಕಣ್ಣು, ಕೆನ್ನೆಯ ಸುತ್ತ ನೀಲಿಬೂದು ಬಣ್ಣ ಹರಡಿರುವ ಓಟಾ ನೀವಸ್‌ಗೆ ಕತ್ತಿ ತಾಗಿಸುವುದಿಲ್ಲ. ಚರ್ಮತಜ್ಞರು ಲೇಸರಿನಿಂದ ಹಲವು ಸರದಿಗಳಲ್ಲಿ ತಿಳಿಗೊಳಿಸುತ್ತಾರೆ, ಜೊತೆಗೆ ಗ್ಲಾಕೋಮ ತಪಾಸಣೆಗೆ ಕಣ್ಣಿನ ವೈದ್ಯರಿಗೂ ತೋರಿಸಬೇಕು. ತುಟಿ, ಮೂಗಿನ ಹೊಳ್ಳೆಯ ದೊಡ್ಡ ಮಚ್ಚೆ ಪ್ಲಾಸ್ಟಿಕ್ ಸರ್ಜನ್ನರ ಕೆಲಸ. ಅವರ ಪದವಿ ಎಂ.ಸಿಎಚ್. ಅಥವಾ ಅದಕ್ಕೆ ಸಮನಾದದ್ದು. ಬೆನ್ನು, ತೊಡೆಯದಾದರೆ ಜಿಲ್ಲಾಸ್ಪತ್ರೆಯ ಸಾಮಾನ್ಯ ಶಸ್ತ್ರಚಿಕಿತ್ಸಕರೂ ಸಾಕು. ಮಗುವಿಗೆ ಹುಟ್ಟಿನಿಂದಲೇ ಬೆನ್ನು ತುಂಬ ಕೂದಲುಳ್ಳ ಕಪ್ಪು ಮಚ್ಚೆಯಿದ್ದರೆ ಒಬ್ಬ ವೈದ್ಯರಿಂದ ಆಗದು. ಚರ್ಮತಜ್ಞರು, ಮಕ್ಕಳ ವೈದ್ಯರು, ಪ್ಲಾಸ್ಟಿಕ್ ಸರ್ಜನ್ ಕೂಡಿ ಯೋಚಿಸಬೇಕು. ಕೆಲವು ಮಕ್ಕಳಿಗೆ ಮಿದುಳು, ಬೆನ್ನುಹುರಿಯ ಎಂ.ಆರ್.ಐ. ಕೂಡ ಬೇಕಾಗುತ್ತದೆ.

ಸುಣ್ಣಕ್ಕೆ ಸೋಡಾ ಕಲಸಿ ಹಚ್ಚುವುದು, ಗೇರೆಣ್ಣೆ ಮುಟ್ಟಿಸುವುದು, ಕುದುರೆಯ ಬಾಲದ ಕೂದಲು ಕಟ್ಟುವುದು ನಮ್ಮಲ್ಲಿ ಹಳೆಯ ರೂಢಿ. ಸುಣ್ಣ, ಗೇರೆಣ್ಣೆ ಸುಡುತ್ತವೆ. ಸುಟ್ಟ ಕಲೆ ಉಳಿಯುತ್ತದೆ. ಇವುಗಳಿಂದ ಆಗುವ ದೊಡ್ಡ ಹಾನಿ ಕಲೆಯಲ್ಲ, ಉದುರಿದ ಮಚ್ಚೆಯ ಒಳಗೆ ಏನಿತ್ತೆಂದು ತಿಳಿಯುವ ದಾರಿಯೇ ಮುಚ್ಚಿಹೋಗುವುದು. ಬ್ಯೂಟಿ ಪಾರ್ಲರಿನ ಯಂತ್ರಕ್ಕೂ, ಪರೀಕ್ಷಿಸದೆ ಹಾಯಿಸಿದ ಲೇಸರಿಗೂ ಇದೇ ಆಕ್ಷೇಪ. ಲೇಸರ್ ಮಚ್ಚೆಯನ್ನು ಆವಿ ಮಾಡಿಬಿಡುತ್ತದೆ, ಪರೀಕ್ಷೆಗೆ ಚೂರೂ ಉಳಿಯದು.

ಹಾಗಾಗಿ ವೈದ್ಯರನ್ನು ಆರಿಸುವಾಗ ‘ತೆಗೆದದ್ದನ್ನು ಬಯಾಪ್ಸಿಗೆ ಕಳಿಸುತ್ತೀರಾ’ ಎಂದು ಕೇಳಲೇಬೇಕು. ಕೊಯ್ದ ತುಣುಕು ಭತ್ತದ ಕಾಳಿನಷ್ಟೇ ಇದ್ದರೂ ಫಾರ್ಮಲಿನ್ ತುಂಬಿದ ಪುಟ್ಟ ಬಾಟಲಿಗೆ ಇಳಿಯಬೇಕು. ಬಾಟಲಿಯ ಮೇಲೆ ರೋಗಿಯ ಹೆಸರು, ತೆಗೆದ ಜಾಗ ಬರೆದಿರಬೇಕು. ರೋಗಿ ಎಂದೂ ಮುಖ ನೋಡದ ಪೆಥಾಲಜಿಸ್ಟ್ ಅದನ್ನು ಮೇಣದಲ್ಲಿ ಹುದುಗಿಸಿ, ಎಳೆ ಎಳೆಯಾಗಿ ಕತ್ತರಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿ ವರದಿ ಬರೆಯುತ್ತಾರೆ. ಮೆಲನೋಮ ಎಂದು ಬಂದರೆ ಅದು ಎಷ್ಟು ಮಿಲಿಮೀಟರ್ ಆಳಕ್ಕಿಳಿದಿದೆ ಎಂಬುದೂ ವರದಿಯಲ್ಲಿರುತ್ತದೆ. ಆ ಅಳತೆಯ ಮೇಲೆ, ಸುತ್ತಲಿನ ಚರ್ಮವನ್ನು ಇನ್ನೆಷ್ಟು ಅಗಲ ತೆಗೆಯಬೇಕು, ಹತ್ತಿರದ ದುಗ್ಧಗ್ರಂಥಿಯನ್ನು ಪರೀಕ್ಷಿಸಬೇಕೇ ಎಂಬುದನ್ನು ಕ್ಯಾನ್ಸರ್ ಶಸ್ತ್ರಚಿಕಿತ್ಸಕರು ನಿರ್ಧರಿಸುತ್ತಾರೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯಂಥ ಕಡೆಗೆ ಹೋಗುವಾಗ ಆ ವರದಿಯ ಜೊತೆ ಗಾಜಿನ ಸ್ಲೈಡುಗಳನ್ನೂ ಮೇಣದ ಬ್ಲಾಕನ್ನೂ ಪ್ರಯೋಗಾಲಯದಿಂದ ಕೇಳಿ ಪಡೆದು ಒಯ್ಯಬೇಕು.