ಒಡಂಬಡಿಕೆ: ಒಡನೆ ಪಡುವ ಪಾಡು

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ. ಚಿತ್ರದುರ್ಗ ಸೀಮೆಯ ಈ ಮೂರು ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳಿದರೆ ನಮ್ಮಂಥ ಪದವ್ಯಸನಿಗಳ ಕಿವಿ ನಿಮಿರದೆ ಇರದು. ಮೂರೂ ಹಕಾರದವು, ಮೂರರ ಹಕಾರವೂ ಹಳಗನ್ನಡದ ಪಕಾರದ ಮನೆಯಿಂದ ಬಂದದ್ದು. ಪಿರಿದು ಹಿರಿದಾಯಿತು, ಪೊಸತು ಹೊಸತಾಯಿತು, ಪಟ್ಟಣವೆಂಬರ್ಥದ ಪೊೞಲ್ ಹೊಳಲಾಯಿತು. (ಹೊಸದುರ್ಗ ಪಾಳೆಯಗಾರರ ಕಾಲದ ಕೋಟೆಯೂರು, ಹುಟ್ಟುವಾಗಲೇ ಹಕಾರ ತೊಟ್ಟು ಹುಟ್ಟಿದ್ದು. ಅಲ್ಲಿ ಊರಿಗಿಂತ 'ಹೊಸ'ವೇ ಹಳತು!) ಈ ಊರುಗಳ ಕ್ರೈಸ್ತ ಮನೆಗಳಿಂದ ಭಾನುವಾರ ದೇವಾಲಯಕ್ಕೆ ಹೊರಡುವ ಸತ್ಯವೇದದ ಎರಡನೆಯ ಭಾಗಕ್ಕೆ 'ಹೊಸ ಒಡಂಬಡಿಕೆ' ಎಂದು ಹೆಸರು. ಆ ಜೋಡಿಯಲ್ಲಿ ಪಕಾರದ ಎರಡು ಗತಿಗಳೂ ಅಕ್ಕಪಕ್ಕ ಕೂತಿವೆ: ಮೊದಲ ಪದದಲ್ಲಿ ಪ ಹೋಗಿ ಹ, ಎರಡನೆಯದರಲ್ಲಿ ಪ ಹೋಗಿ ಬ.

ಒಡನ್ ಎಂಬುದಕ್ಕೆ ಪಡು ಸೇರಿ ಒಡಂಬಡು. ಉತ್ತರಪದದ ಮೊದಲಿನ ಕತಪಗಳಿಗೆ ಗದಬಗಳು ಬರುವ ಈ ಆದೇಶವನ್ನು ಹದಿಮೂರನೆಯ ಶತಮಾನದ ಕೇಶಿರಾಜನೇ ಸೂತ್ರಿಸಿಟ್ಟಿದ್ದಾನೆ. ಒಡನ್ ಎಂದರೆ ಜೊತೆ. ಒಡನೆ, ಒಡನಾಡಿ, ಒಡನಾಟ, ಒಡಹುಟ್ಟು, ಒಡಗೂಡು, ಒಡನುಡಿ, ಎಲ್ಲ ಇದರ ಬಳಗ. ಚೂರಾಗುವ 'ಒಡೆ'ಗೂ ಆಳುವ 'ಒಡೆಯ'ನಿಗೂ ಇಲ್ಲಿ ನೆಂಟಸ್ತಿಕೆ ಹೇಳುವವರಿದ್ದಾರೆ, ನಂಬಬಾರದು. ಇನ್ನು ಪಡು. ಕಷ್ಟಪಡು, ಸಂತೋಷಪಡು, ಆಸೆಪಡು ಎನ್ನುವಾಗ ಅದು ಅನುಭವಕ್ಕೆ ಒಳಗಾಗುವುದು. 'ಮಾಡಲ್ಪಟ್ಟಿತು' ಎನ್ನುವಾಗ ಅದೇ ಪಡು ಕರ್ಮಣಿಪ್ರಯೋಗದ ಊಳಿಗಕ್ಕೆ ನಿಲ್ಲುತ್ತದೆ. ಕೆಡುವಿನಿಂದ ಕೇಡು ಆದಂತೆ ಪಡುವಿನಿಂದ ಪಾಡು. ಅಂದರೆ ಒಡಂಬಡುವುದು ಬರಿಯ ತಲೆಯಾಡಿಸುವಿಕೆಯಲ್ಲ, ಮತ್ತೊಬ್ಬನ ಒಡನೆ ಒಂದು ಪಾಡಿಗೆ ಒಳಗಾಗುವುದು. ಅದಕ್ಕೆ ಇಕೆ ಪ್ರತ್ಯಯ ಹತ್ತಿ ಒಡಂಬಡಿಕೆ. ನಂಬುವಿಗೆ ಹತ್ತಿ ನಂಬಿಕೆಯಾದದ್ದೂ ಅದೇ ಇಕೆ ಎಂಬುದು ಕ್ರೈಸ್ತರಿಗೆ ಹಿತವಾದ ಆಕಸ್ಮಿಕ.

ಪದ ನಮ್ಮೊಬ್ಬರದೇ ಅಲ್ಲ. ತಮಿಳಿನಲ್ಲಿ ಉಡನ್‌ಪಡಿಕ್ಕೈ, ಮಲೆಯಾಳದಲ್ಲಿ ಉಡಂಬಡಿ. ಚಿತ್ರದುರ್ಗದ ಮೂಡಣ ಗಡಿಯುದ್ದಕ್ಕೂ ಕೇಳುವ ತೆಲುಗಿನಲ್ಲಿ ಒಡಂಬಡಿಕ. ಆದರೆ ಸತ್ಯವೇದದ ಮುಖಪುಟಕ್ಕೆ ಬಂದಾಗ ನೆರೆಯವರೆಲ್ಲ ಬೇರೆ ದಾರಿ ಹಿಡಿದರು: ತಮಿಳರದು 'ಪುದಿಯ ಏರ್ಪಾಡು', ತೆಲುಗರದು 'ಕ್ರೊತ್ತ ನಿಬಂಧನ', ಮಲೆಯಾಳಿಗಳದು 'ಪುದಿಯ ನಿಯಮಂ'. ಮನೆತನದ ಈ ಹಳೆಯ ಪದವನ್ನು ಮುಖಪುಟಕ್ಕೆ ಏರಿಸಿದವರು ಕನ್ನಡದವರು.

ಆಗ ಬೇರೆ ಪದಗಳ ಬರಗಾಲವೇನೂ ಇರಲಿಲ್ಲ. ಮಿಷನರಿ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಸತ್ಯವೇದದ ಅನುವಾದಕ್ಕೆ ಕೂತ ಹೊತ್ತಿಗೆ ಕಚೇರಿ, ಕಂದಾಯ, ವ್ಯಾಪಾರಗಳಲ್ಲೆಲ್ಲ ಅರಬ್ಬಿ ಮೂಲದ ಕೌಲು ಮತ್ತು ಕರಾರು, ತುರ್ಕಿಯಿಂದ ಬಂದ ಮುಚ್ಚಳಿಕೆ ಓಡಾಡಿಕೊಂಡಿದ್ದವು. ಪಾಳೆಯಗಾರ ಕೌಲು ಕೊಡುತ್ತಾನೆ, ಗುತ್ತಿಗೆದಾರ ಮುಚ್ಚಳಿಕೆ ಬರೆದುಕೊಡುತ್ತಾನೆ: ಒಂದು ಮೇಲಿನಿಂದ ಇಳಿಯುವುದು, ಇನ್ನೊಂದು ಕೆಳಗಿನಿಂದ ಏರುವುದು. ಕರಾರಿನಲ್ಲಿ ಇಬ್ಬರಿದ್ದಾರೆ, ಆದರೆ ನಡುವೆ ಅಪನಂಬಿಕೆಯೂ ಇದೆ. ಶಾಸನಗಳಲ್ಲಿ ಊರವರೂ ಮಹಾಜನರೂ 'ಒಡಂಬಟ್ಟು' ದತ್ತಿ ಬಿಟ್ಟ ಆ ಹಳೆಯ ಕ್ರಿಯಾಪದಕ್ಕೆ ಈ ಸೋಂಕುಗಳಿಲ್ಲ. 1894ರಲ್ಲಿ ಮಂಗಳೂರಿನಿಂದ ಹೊರಬಂದ ಕಿಟ್ಟೆಲ್ ನಿಘಂಟಿನಲ್ಲೂ ಅದರ ಸಂಸಾರ ಸುಖವಾಗಿಯೇ ಇದೆ.

ಆದರೆ ತೊಡಕು ಇರುವುದೇ ಇಲ್ಲಿ. ಹೀಬ್ರೂವಿನ 'ಬೆರೀತ್' ಎಂಬುದನ್ನು ಗ್ರೀಕಿಗೆ ತಂದ ಹಳಬರ ಮುಂದೆ ಎರಡು ಪದಗಳಿದ್ದವು: ಸುಂಥೇಕೆ, ದಿಯಾಥೇಕೆ. ಸುಂಥೇಕೆಯ ಮೊದಲಿಗಿರುವ 'ಸುನ್' ನಮ್ಮ ಒಡನ್ ಇದ್ದಂತೆಯೇ. ಸರಿಸಮಾನರಿಬ್ಬರು ಕೂತು ಮಾಡಿಕೊಳ್ಳುವ ಒಪ್ಪಂದ ಅದು. ದೇವರೂ ಮನುಷ್ಯನೂ ಸರಿಸಮಾನರಲ್ಲವಲ್ಲ ಎಂದೋ ಏನೋ, ಅವರು ಅದನ್ನು ಬಿಟ್ಟು ಉಯಿಲು, ಮರಣಶಾಸನ ಎಂಬರ್ಥವೂ ಇರುವ ದಿಯಾಥೇಕೆಯನ್ನು ಆರಿಸಿದರು. ಲ್ಯಾಟಿನ್ನಿನವರು ಅದೇ ಜಾಡಿನಲ್ಲಿ 'ತೆಸ್ತಮೆಂತುಂ' ಎಂದರು. ಆದಿಕಾಂಡದ ಹದಿನೈದನೆಯ ಅಧ್ಯಾಯ ನೋಡಿ: ಕಡಿದಿಟ್ಟ ಪಶುಗಳ ಹೋಳುಗಳ ನಡುವೆ ಹಾದುಹೋಗುವುದು ಹೊಗೆಯಾಡುವ ಒಲೆ ಮತ್ತು ಉರಿಯುವ ಪಂಜು ಮಾತ್ರ, ಅಬ್ರಾಮನಿಗೆ ಗಾಢನಿದ್ರೆ. ಭಾಷೆ ಕೊಟ್ಟವನು ಒಬ್ಬನೇ. ಕೃಪೆಯಿಂದಲೇ ರಕ್ಷಣೆ, ಗಳಿಕೆಯಿಂದಲ್ಲ ಎಂಬ ಬೋಧೆಯ ಬುಡ ಇಲ್ಲಿದೆ. ಹಾಗಿದ್ದಮೇಲೆ ಇಬ್ಬರನ್ನು ಬೇಡುವ 'ಒಡನ್' ಇಲ್ಲಿಗೆ ಹೇಗೆ ಹೊಂದೀತು?

ಪಡುವಿನಿಂದ ಹೊಂದುತ್ತದೆ ಎಂದೇ ನನ್ನ ಎಣಿಕೆ. ಕ್ರೈಸ್ತರ ಹೊಸ ಒಡಂಬಡಿಕೆ ರಕ್ತದಲ್ಲಿ ಸ್ಥಾಪಿತವಾದದ್ದು. ದೇವರು ಮನುಷ್ಯನ ಒಡನೆ ಮನುಷ್ಯನ ಪಾಡನ್ನೇ ಪಟ್ಟನೆಂಬುದು ಅದರ ತಿರುಳು. ತಮಿಳು ಕ್ರೈಸ್ತರು ಯೇಸುವಿನ ಸಂಕಟಗಳನ್ನು ಇಂದಿಗೂ 'ಪಾಡುಗಳ್' ಎನ್ನುತ್ತಾರೆ. ಗ್ರೀಕ್ ಪದ ಬಿಟ್ಟುಕೊಟ್ಟ ಜೊತೆತನವನ್ನು ಕನ್ನಡ ಪದ ಉಳಿಸಿಕೊಂಡಿತು. ಅನುವಾದಕರಿಗೆ ಇದು ಹೊಳೆದಿತ್ತೆಂದು ನಾನು ವಾದಿಸುವುದಿಲ್ಲ. ಪದಕ್ಕೆ ಗೊತ್ತಿತ್ತು, ಅಷ್ಟು ಸಾಕು.

ಮೇಲಿನ ಬೋಧೆಯ ಇನ್ನೆರಡು ಪದಗಳಾದ ಕೃಪೆ, ರಕ್ಷಣೆಗಳು ಸಂಸ್ಕೃತದಿಂದ ನೇರವಾಗಿ ಬಂದವು, ಅವುಗಳ ಪಯಣದಲ್ಲಿ ಅಂಥ ತಿರುವುಗಳಿಲ್ಲ. ಮೋಕ್ಷ, ಮುಕ್ತಿಗಳು ಬೇರೆ ಬೇರೆ ದರ್ಶನಗಳ ಭಾರ ಹೊತ್ತಿದ್ದುದರಿಂದ ಕಾಯುವುದೆಂಬ ಸರಳಾರ್ಥದ ರಕ್ಷಣೆ ಮುಂದೆ ಬಂದಿರಬೇಕು. ರಸವಿರುವುದು ಕೃಪೆಗೆ ಕ್ಯಾಥೊಲಿಕರು ಹೇಳುವ 'ವರಪ್ರಸಾದ'ದಲ್ಲಿ. ಪ್ರಸಾದವೆಂದರೆ ಮೂಲದಲ್ಲಿ ತಿಳಿಯಾಗುವುದು, ಕದಡಿದ ನೀರು ನಿಂತು ತಿಳಿಯಾದಂತೆ ಪ್ರಸನ್ನವಾಗುವುದು. ಮುರುಘಾಮಠ, ಸಿರಿಗೆರೆಗಳ ಈ ನೆಲದಲ್ಲಿ ಅದು ಅಷ್ಟಾವರಣಗಳಲ್ಲೊಂದು, ಪ್ರಸಾದಿ ಎಂಬುದು ಷಟ್‌ಸ್ಥಲಗಳಲ್ಲೊಂದು ಮೆಟ್ಟಿಲು. ದಾಸೋಹದ ಪಂಕ್ತಿಯಲ್ಲಿ ಎಲೆಗೆ ಬೀಳುವ ಪ್ರಸಾದವನ್ನೂ ಪೂಜೆಯಲ್ಲಿ ಬೇಡುವ ವರಪ್ರಸಾದವನ್ನೂ ಬಲ್ಲ ಚಿತ್ರದುರ್ಗದವರಿಗೆ, ಗಳಿಸದೆ ದೊರೆಯುವುದು ಎಂಬ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಒಡಂಬಡಿಕೆ ಪುಸ್ತಕದ ಹೆಸರಾಗಿ ಮಾತ್ರ ಉಳಿಯದಂತೆ ನೋಡಿಕೊಂಡವರು ಮೆಥಡಿಸ್ಟರು. ಜಾನ್ ವೆಸ್ಲಿ 1755ರಲ್ಲಿ ಲಂಡನ್ನಿನಲ್ಲಿ ಆರಂಭಿಸಿದ ಒಡಂಬಡಿಕೆಯ ಆರಾಧನೆಯಲ್ಲಿ ಸಭೆಯವರೆಲ್ಲ ದೇವರಿಗೆ ಮತ್ತೆ ಮಾತು ಕೊಡುತ್ತಾರೆ. ಮುಂದೆ ಅದು ಹೊಸವರ್ಷದ ವಾಡಿಕೆಯಾಯಿತು. ಮೈಸೂರು ಸಂಸ್ಥಾನದಲ್ಲಿ ದುಡಿದ ವೆಸ್ಲಿಯನ್ ಮಿಷನ್ನು ಚಿತ್ರದುರ್ಗಕ್ಕೂ ಬಂದಿತ್ತು. ಆ ಪರಂಪರೆ 1947ರಲ್ಲಿ ದಕ್ಷಿಣ ಇಂಡಿಯಾ ಸಭೆಯೊಳಗೆ ಒಂದಾಯಿತು.

ಈಚೆಗೆ ಪತ್ರಿಕೆಗಳಲ್ಲಿ ವಿಶ್ವವಿದ್ಯಾಲಯ, ಕಂಪನಿಗಳು ಫೋಟೊಗೆ ನಿಂತು ಸಹಿ ಹಾಕುವುದಕ್ಕೆಲ್ಲ ಒಡಂಬಡಿಕೆ ಎಂಬ ಹೆಸರು ಬರುತ್ತಿದೆ. ಮೈಸೂರು, ಮದರಾಸುಗಳ ನಡುವಿನ 1892 ಮತ್ತು 1924ರ ನದಿನೀರಿನ ಕರಾರುಗಳನ್ನು ನಾವು ಒಪ್ಪಂದವೆಂದೇ ಕರೆದು ಜಗಳವಾಡಿದ್ದೇವೆ, ಈ ಸಹಿಗಳಿಗೂ ಒಪ್ಪಂದವೇ ಸಾಕು. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರುಗಳ ಕಡೆ ಅಟ್ಟದ ಮೇಲೆ ಹಳೆಯ ಪಾಲುಪತ್ರ, ಕಡತ ಇಟ್ಟುಕೊಂಡಿರುವ ಓದುಗರು ದಯಮಾಡಿ ಒಮ್ಮೆ ಇಳಿಸಿ ನೋಡಬೇಕು: 'ಒಡಂಬಟ್ಟು' ಎಂಬುದು ಎಲ್ಲಿಯಾದರೂ ಸಿಕ್ಕರೆ ಆ ಸಾಲನ್ನೂ ಪತ್ರದ ತೇದಿಯನ್ನೂ ಬರೆದು ತಿಳಿಸಿ.