ಎಂಟು ಭ್ರೂಣಗಳಲ್ಲಿ ಯಾವುದು?

1977ರ ನವೆಂಬರ್. ಇಂಗ್ಲೆಂಡಿನ ಓಲ್ಡಮ್ ಬಳಿ ರಾಯ್ಟನ್ ಎಂಬಲ್ಲಿದ್ದ ಸಣ್ಣ ಆಸ್ಪತ್ರೆಯೊಂದರಲ್ಲಿ ಜೀನ್ ಪರ್ಡಿ ಸೂಕ್ಷ್ಮದರ್ಶಕದ ಮುಂದೆ ಕೂತಿದ್ದರು. ಓದಿದ್ದು ನರ್ಸಿಂಗ್, ಆದರೆ ವಿಜ್ಞಾನಿ ರಾಬರ್ಟ್ ಎಡ್ವರ್ಡ್ಸ್ ಮತ್ತು ವೈದ್ಯ ಪ್ಯಾಟ್ರಿಕ್ ಸ್ಟೆಪ್ಟೋ ಅವರ ಪ್ರಯೋಗಾಲಯ ನಡೆಯುತ್ತಿದ್ದುದೇ ಆಕೆಯಿಂದ. ಚಿಕಿತ್ಸೆಗೆ ಬಂದಿದ್ದ ಲೆಸ್ಲಿ ಬ್ರೌನ್ ಅವರ ಫಲಿತ ಅಂಡ ಎರಡಾಗಿ, ನಾಲ್ಕಾಗಿ ಒಡೆಯುವುದನ್ನು ಮೊದಲು ಕಂಡವರು ಪರ್ಡಿ. ಎಂಟು ಕೋಶಗಳಾದಾಗ ಅದನ್ನು ಗರ್ಭಕೋಶಕ್ಕೆ ಸೇರಿಸಿದರು. 1978ರ ಜುಲೈ 25ರಂದು ಜಗತ್ತಿನ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಹುಟ್ಟಿದಳು.

ಅಂದು ಯಾವ ಭ್ರೂಣವೆಂಬ ಪ್ರಶ್ನೆಯೇ ಏಳಲಿಲ್ಲ. ಔಷಧವಿಲ್ಲದೆ ಸಹಜವಾಗಿ ಬಲಿತ ಒಂದೇ ಅಂಡ, ಅದರಿಂದ ಒಂದೇ ಭ್ರೂಣ.

ಆಯ್ಕೆಯ ತಲೆನೋವು ಹುಟ್ಟಿದ್ದು ಎರಡು ತಂತ್ರಗಳಿಂದ: ಹಾರ್ಮೋನು ಕೊಟ್ಟು ಹಲವು ಅಂಡಗಳನ್ನು ಬಲಿಸುವುದು ಮತ್ತು ಭ್ರೂಣವನ್ನು ಶೀತಲೀಕರಿಸಿ ಕಾಪಿಡುವುದು. ಇವೆರಡನ್ನೂ ಕೋಲ್ಕತ್ತದ ಡಾ. ಸುಭಾಷ್ ಮುಖರ್ಜಿ ಅದೇ 1978ರಲ್ಲೇ ಬಳಸಿದ್ದರು. ಲೂಯಿಸ್ ಹುಟ್ಟಿದ 70 ದಿನಗಳಲ್ಲಿ, ಅಕ್ಟೋಬರ್ 3ರಂದು, ಅವರ ಚಿಕಿತ್ಸೆಯಿಂದ 'ದುರ್ಗಾ' ಹುಟ್ಟಿದಳು. ಸರ್ಕಾರ ನೇಮಿಸಿದ ಸಮಿತಿ ಅವರನ್ನು ನಂಬಲಿಲ್ಲ. 1981ರಲ್ಲಿ ಮುಖರ್ಜಿ ಆತ್ಮಹತ್ಯೆ ಮಾಡಿಕೊಂಡರು. ಅವರ ಟಿಪ್ಪಣಿಗಳನ್ನು ಓದಿ, ಸಲ್ಲಬೇಕಾದ ಶ್ರೇಯವನ್ನು ಸಲ್ಲಿಸಿದವರು ವಿಜ್ಞಾನಿ ಟಿ.ಸಿ. ಆನಂದ ಕುಮಾರ್, ಆ ಲೇಖನ 1997ರಲ್ಲಿ ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್'ನಲ್ಲಿ ಬಂತು. ವಿಪರ್ಯಾಸವೆಂದರೆ, ಭಾರತದ ಮೊದಲ ಪ್ರನಾಳ ಶಿಶುವೆಂದು ಅಲ್ಲಿಯವರೆಗೆ ಎಲ್ಲರೂ ಹೇಳುತ್ತಿದ್ದುದು 1986ರಲ್ಲಿ ಮುಂಬೈಯಲ್ಲಿ ಹುಟ್ಟಿದ ಮಗುವನ್ನು. ಆ ತಂಡದಲ್ಲಿದ್ದವರೇ ಈ ಆನಂದ ಕುಮಾರ್.

ತಟ್ಟೆಯಲ್ಲಿ ಆರೆಂಟು ಭ್ರೂಣಗಳು ಬೆಳೆಯತೊಡಗಿದ ಮೇಲೆ ಎಂಬ್ರಿಯಾಲಜಿಸ್ಟರ, ಅಂದರೆ ಭ್ರೂಣತಜ್ಞರ, ಕಣ್ಣಿಗೆ ಬೆಲೆ ಬಂತು. ಕೋಶಗಳೆಷ್ಟು, ಗಾತ್ರ ಸಮವೇ, ಚೂರುಗಳು ಉದುರಿವೆಯೇ ಎಂದು ಎಣಿಸಿ ನೋಡುತ್ತಿದ್ದರು. ಐದನೇ ದಿನದ ಭ್ರೂಣಕ್ಕೆ, ಅಂದರೆ ಬ್ಲಾಸ್ಟೊಸಿಸ್ಟ್‌ಗೆ, 1999ರಲ್ಲಿ ಡೇವಿಡ್ ಗಾರ್ಡ್ನರ್ ಮತ್ತು ವಿಲಿಯಂ ಸ್ಕೂಲ್‌ಕ್ರಾಫ್ಟ್ ಅಂಕಪಟ್ಟಿಯನ್ನೇ ರೂಪಿಸಿದರು. ಎಷ್ಟು ಉಬ್ಬಿದೆ ಎಂಬುದಕ್ಕೆ 1ರಿಂದ 6. ಮಗುವಾಗುವ ಒಳಗಿನ ಕೋಶಗಳಿಗೂ ಮಾಸುವಾಗುವ ಹೊರಗಿನ ಕೋಶಗಳಿಗೂ ಎ, ಬಿ, ಸಿ. ಇಂದಿಗೂ ಎಷ್ಟೋ ದಂಪತಿಗಳ ಫೈಲಿನಲ್ಲಿ '4ಎಎ' ಎಂದು ಕಾಣುವುದು ಇದೇ. ಆದರೆ ಒಬ್ಬರ ಎ ಇನ್ನೊಬ್ಬರಿಗೆ ಬಿ ಆಗುತ್ತಿತ್ತು. ಮೇಲಾಗಿ, ನೋಡಬೇಕೆಂದರೆ ಭ್ರೂಣವನ್ನು ಇನ್‌ಕ್ಯುಬೇಟರಿನ ಬೆಚ್ಚಗಿನ ಆಸರೆಯಿಂದ ಹೊರತೆಗೆಯಬೇಕಿತ್ತು.

2009ರ ಹೊತ್ತಿಗೆ ಡೆನ್ಮಾರ್ಕಿನ 'ಎಂಬ್ರಿಯೋಸ್ಕೋಪ್' ಬಂದು ಆ ಕಷ್ಟ ತಪ್ಪಿಸಿತು. ಇನ್‌ಕ್ಯುಬೇಟರಿನೊಳಗೇ ಕ್ಯಾಮೆರಾ, ಕೆಲವು ನಿಮಿಷಗಳಿಗೊಂದು ಚಿತ್ರ. ಐದು ದಿನಕ್ಕೆ ಒಂದು ಭ್ರೂಣದ ನೂರಾರು ಚಿತ್ರಗಳು! ಅಷ್ಟನ್ನೂ ಕೂತು ನೋಡುವವರು ಯಾರು? ಕೃತಕ ಬುದ್ಧಿಮತ್ತೆ ಒಳಬಂದದ್ದು ಈ ಬಾಗಿಲಿನಿಂದ.

2019ರಲ್ಲಿ ನ್ಯೂಯಾರ್ಕಿನ ವೈಲ್ ಕಾರ್ನೆಲ್ ತಂಡದ 'ಸ್ಟಾರ್ಕ್' ತಂತ್ರಾಂಶ ಸುಮಾರು 50,000 ಚಿತ್ರಗಳಿಂದ ಕಲಿತು ಒಳ್ಳೆಯ, ಕಳಪೆ ಭ್ರೂಣಗಳನ್ನು ಬೇರ್ಪಡಿಸಿತು. ಅದರ ಗುರುಗಳು ಮಾತ್ರ ಹಳೆಯ ಎಂಬ್ರಿಯಾಲಜಿಸ್ಟರೇ. ಅದೇ ವರ್ಷ ಆಸ್ಟ್ರೇಲಿಯಾದ 'ಐವಿ' ಭ್ರೂಣದ ಎದೆಬಡಿತ ಕಾಣುವ ಹಂತಕ್ಕೆ ಗರ್ಭ ಮುಟ್ಟುವುದೇ ಎಂದು ಊಹಿಸಿತು, ಸಫಲ, ವಿಫಲ ಭ್ರೂಣಗಳನ್ನು ಬೇರ್ಪಡಿಸುವ ಸಾಮರ್ಥ್ಯದ ಅಳತೆಯಲ್ಲಿ (ಎಯುಸಿ) 1ಕ್ಕೆ 0.93 ಎಂಬ ಅಂಕಿ ಎಲ್ಲರ ಹುಬ್ಬೇರಿಸಿತು. ಆ ಹೊಳಪಿಗೊಂದು ಕಾರಣವಿತ್ತು. ಪ್ರಯೋಗಾಲಯದವರೇ ಬೇಡವೆಂದು ಬಿಟ್ಟಿದ್ದ ಭ್ರೂಣಗಳನ್ನೂ 'ವಿಫಲ'ವೆಂದು ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಜೊಳ್ಳೆಂದು ಆಗಲೇ ತೂರಿದ್ದನ್ನು ಜೊಳ್ಳೆಂದು ಗುರುತಿಸಲು ಹೆಚ್ಚಿನ ಜಾಣತನ ಬೇಡ. ಚೆನ್ನಾಗಿ ಕಾಣುವ ಎರಡರಲ್ಲಿ ಯಾವುದು ಎಂಬುದೇ ನಿಜವಾದ ಪರೀಕ್ಷೆ. ಅಂದವಾಗಿ ಕಾಣುವ ಭ್ರೂಣದಲ್ಲೂ ವರ್ಣತಂತುಗಳ ಸಂಖ್ಯೆ ಏರುಪೇರಾಗಿರಬಹುದು.

ಆ ನಿಜವಾದ ಪರೀಕ್ಷೆಯ ಫಲಿತಾಂಶ 2024ರಲ್ಲಿ 'ನೇಚರ್ ಮೆಡಿಸಿನ್'ನಲ್ಲಿ ಪ್ರಕಟವಾಯಿತು. ಆಸ್ಟ್ರೇಲಿಯಾ ಮತ್ತು ಯುರೋಪಿನ 14 ಆಸ್ಪತ್ರೆಗಳು, 1,066 ಮಹಿಳೆಯರು. ಅರ್ಧದಷ್ಟು ಮಂದಿಗೆ 'ಐಡಾಸ್ಕೋರ್' ಎಂಬ ತಂತ್ರಾಂಶ ಆರಿಸಿದ ಭ್ರೂಣ, ಉಳಿದವರಿಗೆ ಎಂಬ್ರಿಯಾಲಜಿಸ್ಟರು ಆರಿಸಿದ ಭ್ರೂಣ. ಗರ್ಭ ನಿಂತದ್ದು ಕ್ರಮವಾಗಿ ಶೇ 46.5 ಮತ್ತು ಶೇ 48.2. ಯಂತ್ರ ಮನುಷ್ಯರಿಗಿಂತ ಕಡಿಮೆಯಿಲ್ಲ ಎಂದು ತೋರಿಸುವುದೇ ಪ್ರಯೋಗದ ಗುರಿ, ಅದು ಸಾಧ್ಯವಾಗಲಿಲ್ಲ. ಯಂತ್ರ ಗೆದ್ದದ್ದು ವೇಗದಲ್ಲಿ: ಎಂಬ್ರಿಯಾಲಜಿಸ್ಟರು ಸರಾಸರಿ 208 ಸೆಕೆಂಡು ತೆಗೆದುಕೊಂಡ ಕೆಲಸಕ್ಕೆ ಅದು ತೆಗೆದುಕೊಂಡದ್ದು 21 ಸೆಕೆಂಡು. ದಿನಕ್ಕೆ ಹತ್ತಾರು ತಟ್ಟೆ ನೋಡುವ ಪ್ರಯೋಗಾಲಯಕ್ಕೆ ಇದು ದೊಡ್ಡ ಉಳಿತಾಯ. ಮಗುವಿಗಾಗಿ ಕಾಯುತ್ತಿರುವವರು ಕೇಳುತ್ತಿದ್ದುದು ಮಾತ್ರ ವೇಗವನ್ನಲ್ಲ.