ಮೀನು ಹತ್ತುವ ದಾರಿ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗಾದರೂ ನೆನಪಿರಬಹುದು. ಏಳನೆಯ ತರಗತಿಗೆ ಲಿಂಗನಮಕ್ಕಿಯ ಪಾಠ ಹೇಳುತ್ತಿದ್ದಾಗ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು, "ಸಾರ್, ಮಳೆ ಹಿಡಿದಾಗ ಹತ್ತೋ ಮೀನು ಈ ಕಟ್ಟೆ ಹೆಂಗೆ ದಾಟ್ತಾವೆ?" ಎಂದು ಕೇಳಿದ್ದ. ಪಾಠದಲ್ಲಿಲ್ಲದ ಪ್ರಶ್ನೆಯೆಂದು ಅವನನ್ನು ಗದರಿಸಿ ಕೂರಿಸಿದ್ದೆ. ಉತ್ತರ ನನಗೂ ತಿಳಿದಿರಲಿಲ್ಲ. ಅಮೆರಿಕದ ಕ್ಲಾಮತ್ ನದಿಯ ಚರಿತ್ರೆಯನ್ನು ಓದಿದ ಮೇಲೆ ಆ ಪ್ರಶ್ನೆ ಮತ್ತೆ ನನ್ನೆದುರು ಬಂದು ನಿಂತಿದೆ.

ಕ್ಲಾಮತ್ ನದಿಯು ಆರೆಗಾನ್ ರಾಜ್ಯದಲ್ಲಿ ಹುಟ್ಟಿ, ಕ್ಯಾಲಿಫೋರ್ನಿಯಾದ ಮೂಲಕ ಹರಿದು ಪೆಸಿಫಿಕ್ ಸಾಗರವನ್ನು ಸೇರುತ್ತದೆ. ಇದರ ಉದ್ದ ಸುಮಾರು 410 ಕಿಲೋಮೀಟರ್. ಇಲ್ಲಿನ ಚಿನೂಕ್ ಸಾಲ್ಮನ್ ಸಿಹಿನೀರಿನ ತೊರೆಯಲ್ಲಿ ಹುಟ್ಟಿ, ಕಡಲಿನಲ್ಲಿ ಬೆಳೆದು, ಕೆಲವು ವರ್ಷಗಳ ಬಳಿಕ ವಾಸನೆಯ ಜಾಡು ಹಿಡಿದು ಹುಟ್ಟಿದ ತೊರೆಗೇ ಮರಳುತ್ತದೆ. ಮೊಟ್ಟೆಯಿಟ್ಟು ಅಲ್ಲಿಯೇ ಸಾಯುತ್ತದೆ. ಸ್ಟೀಲ್‌ಹೆಡ್ ಎಂಬುದು ಕಡಲಿಗೆ ಹೋಗಿಬರುವ ಟ್ರೌಟ್ ಮೀನು. ಅವುಗಳಲ್ಲಿ ಕೆಲವು ಬದುಕುಳಿದು ಮತ್ತೊಮ್ಮೆ ಬರುವುದುಂಟು. ಶರತ್ಕಾಲದಲ್ಲಿ ನೀರು ತಣ್ಣಗಾಗಿ ಹರಿವು ಸಾಕಷ್ಟಿದ್ದರೆ ಮೀನು ಸುಖವಾಗಿ ಏರುತ್ತದೆ. ಯುರೋಕ್, ಕರುಕ್ ಮೊದಲಾದ ಮೂಲನಿವಾಸಿಗಳ ಆಹಾರವೂ ಆಚಾರವೂ ಈ ಮೀನನ್ನೇ ನಂಬಿದ್ದವು.

ವಿದ್ಯುತ್ತಿಗಾಗಿ ಕಟ್ಟಿದ ಕಾಪ್ಕೊ ಅಣೆಕಟ್ಟು 1918ರಲ್ಲಿ ಕೆಲಸ ಆರಂಭಿಸಿತು. ಮೀನು ಹತ್ತಲು ಅದರಲ್ಲಿ ಮೆಟ್ಟಿಲಿರಲಿಲ್ಲ. ಮುಂದೆ ಇನ್ನೂ ಮೂರು ಕಟ್ಟೆಗಳು ಎದ್ದವು. ನಿಂತ ನೀರು ಬೇಸಗೆಯ ಬಿಸಿಯನ್ನು ಶರತ್ಕಾಲದವರೆಗೂ ಹಿಡಿದಿಟ್ಟುಕೊಳ್ಳುತ್ತಿತ್ತು. 2002ರ ಸೆಪ್ಟೆಂಬರಿನಲ್ಲಿ ಹರಿವು ಕುಗ್ಗಿ, ನೀರು ಬಿಸಿಯಾಗಿ, ಕಿವಿರುಗಳಿಗೆ ರೋಗ ತಗುಲಿ ನದಿಯ ಕೆಳಭಾಗದಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತವು. ಸರಕಾರದ ಅಂದಾಜಿನಂತೆ ಅವುಗಳ ಸಂಖ್ಯೆ 34,000ಕ್ಕೂ ಹೆಚ್ಚು.

ಆ ದೃಶ್ಯವನ್ನು ಕಂಡ ಮೂಲನಿವಾಸಿಗಳು ಸುಮ್ಮನೆ ಕೂರಲಿಲ್ಲ. ಎರಡು ದಶಕಗಳ ಹೋರಾಟದ ಫಲವಾಗಿ 2023ರಲ್ಲಿ ಕಟ್ಟೆ ಒಡೆಯುವ ಕೆಲಸ ಆರಂಭವಾಗಿ, 2024ರ ಶರತ್ಕಾಲದ ಹೊತ್ತಿಗೆ ನಾಲ್ಕೂ ಕಟ್ಟೆಗಳು ಇಲ್ಲವಾದವು. ಅದೇ ಅಕ್ಟೋಬರ್ 16ರಂದು, ಹಳೆಯ ಕಟ್ಟೆಗಳ ಆಚೆ, ಆರೆಗಾನ್‌ನ ಉಪನದಿಯೊಂದರಲ್ಲಿ ಚಿನೂಕ್ ಸಾಲ್ಮನ್ ಕಾಣಿಸಿಕೊಂಡಿತು. 1912ರ ಬಳಿಕ ಆ ಭಾಗದಲ್ಲಿ ಇದೇ ಮೊದಲು. ಆದರೆ ಮೀನಿನ ಸಂತತಿ ಒಮ್ಮೆಗೇ ಚೇತರಿಸುವಂಥದಲ್ಲ. 2023 ಮತ್ತು 2024ರಲ್ಲಿ ಕ್ಯಾಲಿಫೋರ್ನಿಯಾದ ಕಡಲಿನಲ್ಲಿ ಸಾಲ್ಮನ್ ಹಿಡಿಯುವುದನ್ನೇ ನಿಲ್ಲಿಸಬೇಕಾಯಿತು.

ನಮ್ಮ ಕಟ್ಟೆಗಳನ್ನೂ ಒಡೆಯಬೇಕೆಂದು ನಾನು ಹೇಳುತ್ತಿಲ್ಲ. ಶರಾವತಿಯ ಬೆಳಕಿನಲ್ಲೇ ನಾನೂ ಓದಿದವನು. ಆದರೆ ಅಣೆಕಟ್ಟಿನ ಎತ್ತರ, ಉದ್ದಗಳನ್ನು ಬಾಯಿಪಾಠ ಮಾಡಿಸಿದ ನಾನು, ಹೊಳೆ ಎಂದರೆ ಬರಿಯ ನೀರಲ್ಲ, ಅದು ಒಂದು ದಾರಿಯೂ ಹೌದು ಎಂಬುದನ್ನು ಕಲಿಸಲಿಲ್ಲ. ಗದ್ದೆಯ ಬದುವಿನಲ್ಲಿ ಮೀನು ಹತ್ತುವುದನ್ನು ಕಂಡಿದ್ದ ಆ ಹುಡುಗನಿಗೆ ಅದು ಗೊತ್ತಿತ್ತು. ಅವನು ಎಲ್ಲಿದ್ದರೂ ಇದನ್ನು ಓದಲಿ. ತಡವಾಗಿಯಾದರೂ ಉತ್ತರ ಹೇಳುತ್ತಿದ್ದೇನೆ: ದಾಟುವುದಿಲ್ಲಪ್ಪ, ನಾವು ದಾರಿ ಬಿಟ್ಟರೆ ಮಾತ್ರ ದಾಟುತ್ತವೆ.